ಫ್ಲಾರೆನ್ಸಿನ ಕಾಗದಕ್ಕೆ ವಿನೋದಕ್ಕನ ಇಂಗ್ಲಿಷ್

ಹಾಲೆಂಡಿನ ರೈಸ್‌ವೈಕಿನಲ್ಲಿ ನಮ್ಮ ಪಕ್ಕದ ಮನೆಯ ವಿನೋದಕ್ಕನಿಗೆ ಇಟಾಲಿಯನ್ ಬರುತ್ತದೆ ಎಂದರೆ ಹೊಸಬರು ನಂಬುವುದಿಲ್ಲ. ಕಾರ್ಕಳದ ಹೆಂಗಸು, ಮನೆಯಲ್ಲಿ ತುಳು, ಮೀನಿನಂಗಡಿಯಲ್ಲಿ ಡಚ್. ಗಂಡ ಕೂಸಪ್ಪಣ್ಣ ಮೊದಲು ಇಟಲಿಯ ಜಿನೋವಾದಲ್ಲಿ ಹಡಗು ರಿಪೇರಿಯ ಇಂಜಿನಿಯರ್ ಆಗಿದ್ದ. ಆಗ ಈಕೆ ಅಲ್ಲಿನ ಆಸ್ಪತ್ರೆಯಲ್ಲಿ ಹಾಸಿಗೆ ತಳ್ಳುತ್ತ, ದಾಖಲಾಗಲು ಬಂದವರ ಬಟ್ಟೆ ಬದಲಿಸುತ್ತ ಭಾಷೆ ಕಲಿತಳು. ಇಲ್ಲಿಗೆ ಬಂದ ಮೇಲೆ, ಇಟಲಿಯಲ್ಲಿ ಆಸ್ಪತ್ರೆ ಸೇರಿದವರ ಕಾಗದಗಳನ್ನು ಇಂಗ್ಲಿಷಿಗೆ ಅನುವಾದಿಸುವುದೇ ಅವಳ ಉದ್ಯೋಗವಾಯಿತು.

ಅವಳ ಕ್ರಮ ವಿಚಿತ್ರ. ಪ್ರತಿ ವಾಕ್ಯವನ್ನೂ ಮೊದಲು ತರಕಾರಿ ಹೆಚ್ಚುವ ಗಂಡನಿಗೆ ತುಳುವಿನಲ್ಲಿ ಹೇಳುತ್ತಾಳೆ, ಆಮೇಲೆ ಟೈಪು ಮಾಡುತ್ತಾಳೆ. ತುಳುವಿನಲ್ಲಿ ಹೇಳಿದರೆ ಅಲ್ಲಿ ಮಲಗಿದ ಮನುಷ್ಯ ಕಣ್ಣಿಗೆ ಕಾಣುತ್ತಾನಂತೆ. ಹೆಸರು ಮಾತ್ರ ಬಾಯಿ ಬಿಡುವುದಿಲ್ಲ. ಪಾಪ, ಕೂಸಪ್ಪಣ್ಣನಿಗೆ ಗೊತ್ತಿಲ್ಲದ ರೋಗವಿಲ್ಲ.

೨೦೧೩ರ ವಸಂತದಲ್ಲಿ ಹತ್ತಿರದ ಕಾಪೆಲ್ಲೆ ಊರಿನಿಂದ ಪ್ರಭುದೇವ ಬಂದ. ಧಾರವಾಡದಿಂದ ಮಗನ ಮನೆಗೆ ಬಂದಿದ್ದ ಅವನ ತಂದೆ ವೀರಭದ್ರಪ್ಪ, ತಾಯಿ ಶಿವಕ್ಕ ಇಬ್ಬರೇ ಇಟಲಿ ನೋಡಲು ಹೋದಾಗ ಫ್ಲಾರೆನ್ಸಿನಲ್ಲಿ ತಂದೆಗೆ ಎದೆನೋವು ಬಂದು ಆಸ್ಪತ್ರೆ ಸೇರಿಸಿದ್ದರು. ಈಗ ಇಲ್ಲಿ ಹೃದಯದ ಆಪರೇಷನ್ ಆಗಬೇಕು. ಮಾಡುವುದೋ ಬಿಡುವುದೋ ಎಂದು ತೀರ್ಮಾನಿಸುವ ಮೊದಲು ಡಾಕ್ಟರುಗಳು ಆ ಕಾಗದಗಳನ್ನು ಇಂಗ್ಲಿಷಿನಲ್ಲಿ ಕೇಳಿದ್ದರು. ದಾಖಲಾತಿಯ ಪುಟದಲ್ಲಿ ಹೀಗಿತ್ತು: ರೋಗಿಗೆ ಗೊಂದಲವಿದೆ, ಊಟ ಔಷಧಿ ನಿರಾಕರಿಸುತ್ತಾರೆ, ಸಹಕರಿಸುವುದಿಲ್ಲ. ಅಂಥವರ ಎದೆ ಬಗೆಯಲು ಯಾವ ಡಾಕ್ಟರು ಮುಂದೆ ಬರುತ್ತಾರೆ?

“ಅಕ್ಕಾರ, ಆ ಎರಡು ಸಾಲು ಬಿಟ್ಟುಬಿಡ್ರಿ. ನಮ್ಮಪ್ಪ ಹಂಗಿಲ್ಲ,” ಎಂದ ಪ್ರಭುದೇವ.

“ಬರೆದದ್ದನ್ನು ನಾನು ಬಿಡುವುದಿಲ್ಲ ಮಾರಾಯ್ರೆ,” ಎಂದು ವಿನೋದಕ್ಕ ಕಡ್ಡಿ ಮುರಿದಂತೆ ಹೇಳಿದಳು.

ಅವನು ಮುಖ ಊದಿಸಿಕೊಂಡು ಹೋದ. ಅಲ್ಲೇ ಕೂತಿದ್ದ ನನಗೂ ಸಿಟ್ಟು ಬಂತು. ಒಂದು ಜೀವಕ್ಕಿಂತ ಎರಡು ಸಾಲು ದೊಡ್ಡದೇ ಎಂದು ಅವಳ ಮುಖಕ್ಕೇ ಹೇಳಿದೆ. ಸಂಜೆ ಅವಳು ಆ ಸಾಲನ್ನು ಎಂದಿನಂತೆ ತುಳುವಿನಲ್ಲಿ ಹೇಳಿದಾಗ ಕೂಸಪ್ಪಣ್ಣ ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಿ, ಆ ಮನುಷ್ಯ ಯಾಕೆ ಉಣ್ಣಲಿಲ್ಲ ಎಂದು ಕೇಳಿದನಂತೆ. ಅದನ್ನು ಕಾಗದದಲ್ಲಿ ಯಾರೂ ಬರೆದಿರಲಿಲ್ಲ. ಮರುದಿನ ಅವಳು ನನ್ನನ್ನೂ ಕರೆದುಕೊಂಡು ಕಾಪೆಲ್ಲೆಗೆ ಹೋಗಿ ಶಿವಕ್ಕನನ್ನೇ ಕೇಳಿದಳು.

“ಕೊರಳಾಗಿನ ಲಿಂಗ ತಗದು ತಿಜೋರಿಯಾಗ ಇಟ್ರವ್ವಾ. ಲಿಂಗಪೂಜಿ ಆಗದ ಇವರು ನೀರೂ ಮುಟ್ಟೂದಿಲ್ಲ. ಹೇಳಾಕ ನನಗ ಭಾಷಾ ಎಲ್ಲಿ ಬರ್ತದ?”

ಅಲ್ಲಿ ಆಸ್ಪತ್ರೆ ಸೇರಿದ ಮರುದಿನ ಮಗ ಫ್ಲಾರೆನ್ಸಿಗೆ ಹೋಗಿ ಲಿಂಗ ಬಿಡಿಸಿಕೊಟ್ಟ ಮೇಲೆ ವೀರಭದ್ರಪ್ಪ ಉಂಡಿದ್ದರು, ಮಾತ್ರೆಯನ್ನೂ ನುಂಗಿದ್ದರು. ದೇವರ ವಿಷಯ ತೆಗೆದರೆ ಡಾಕ್ಟರುಗಳು ಮುದುಕನಿಗೆ ನಿಜವಾಗಿಯೂ ತಲೆ ಕೆಟ್ಟಿದೆ ಎಂದಾರು ಎಂದು ಹೆದರಿ ಪ್ರಭುದೇವ ಇದನ್ನು ಇಲ್ಲಿ ಯಾರಿಗೂ ಹೇಳಿರಲಿಲ್ಲ. ಓದಿದವರ ನಾಚಿಕೆಗೆ ಮದ್ದಿಲ್ಲ ನೋಡಿ.

ಜಿನೋವಾದಲ್ಲಿ ತಾನೂ ಎಷ್ಟೋ ಕೊರಳುಗಳಿಂದ ಸರ ಬಿಚ್ಚಿದ್ದೆ ಎಂದು ವಿನೋದಕ್ಕ ಮೆಲ್ಲಗೆ ಹೇಳಿದಳು. ಪ್ರಭುದೇವನ ಮನೆಯಿಂದಲೇ, ಅವನ ಕೈಯಲ್ಲೇ ಫ್ಲಾರೆನ್ಸಿನ ವಾರ್ಡಿಗೆ ಫೋನು ಮಾಡಿಸಿ ತಾನೇ ಮಾತಾಡಿದಳು. ಹಿರಿಯ ನರ್ಸಿಗೆ ಅಜ್ಜನ ನೆನಪಿತ್ತು. ಲಿಂಗ ಕೈಗೆ ಬಂದ ಕೂಡಲೇ ಅತ್ತು, ಪೂಜೆ ಮುಗಿಸಿ, ಆಮೇಲೆ ಸನ್ನೆ ಮಾಡಿ ಊಟ ಕೇಳಿದ್ದರಂತೆ. ನಡೆದದ್ದನ್ನು ನರ್ಸು ಬರೆದಳು, ಡಾಕ್ಟರು ಸಹಿ ಹಾಕಿ ಕಳಿಸಿದರು. ವಿನೋದಕ್ಕ ಹಳೆಯ ಸಾಲುಗಳನ್ನು ಇದ್ದಂತೆಯೇ ಉಳಿಸಿ ಹೊಸದನ್ನೂ ಇಂಗ್ಲಿಷಿಗೆ ತಂದಳು. ಸ್ವಲ್ಪ ದಿನದಲ್ಲೇ ಆಪರೇಷನ್ನಿಗೆ ದಿನ ಗೊತ್ತಾಯಿತು.

ದಾಖಲಾಗುವ ದಿನ ನಾವೂ ಜೊತೆಗೆ ಹೋದೆವು. ಡಚ್ ನರ್ಸು ಕಾಗದ ಓದಿಕೊಂಡೇ ಬಂದಿದ್ದಳು. ಲಿಂಗವನ್ನು ಅವಳು ಮುಟ್ಟಲಿಲ್ಲ. ಶುಭ್ರವಾದ ಬಟ್ಟೆಯೊಂದನ್ನು ವೀರಭದ್ರಪ್ಪನವರ ಮುಂದೆ ಹಿಡಿದಳು. ಅವರೇ ಅದರಲ್ಲಿ ಲಿಂಗವಿಟ್ಟ ಮೇಲೆ ಅವರ ಮಣಿಕಟ್ಟಿಗೆ ಕಟ್ಟಿ, ಇದು ಇಲ್ಲೇ ಇರುತ್ತದೆ ಎಂದಳು.

“ಏನ್ ಬರದಿ ತಂಗಿ?” ಎಂದು ಅವರು ವಿನೋದಕ್ಕನನ್ನು ಕೇಳಿದರು.

“ನಾನೇನೂ ಬರೀಲಿಲ್ಲ ಮಾಮ. ಅವರು ಬರೆದದ್ದನ್ನು ಹೇಳಿದೆ, ಅಷ್ಟೇ.”

ಆಪರೇಷನ್ ಮುಗಿದು ಅವರು ಎದ್ದು ಕೂತ ದಿನ ನಾನು ವಿನೋದಕ್ಕನ ಅಡುಗೆಮನೆಯಲ್ಲಿದ್ದೆ. ಶಿವಕ್ಕನ ಫೋನು ಬಂತು.

“ಪೂಜಿ ಆತವ್ವಾ. ಗಂಜಿ ಕುಡ್ಯಾಕತ್ತಾರ.”

ವಿನೋದಕ್ಕ ಫೋನಿಟ್ಟು, ರೂಢಿಯಂತೆ ಅದನ್ನು ಗಂಡನಿಗೆ ತುಳುವಿನಲ್ಲಿ ಹೇಳಿದಳು. ಕೂಸಪ್ಪಣ್ಣ ಚಾಕು ಕೆಳಗಿಟ್ಟು ಇನ್ನೊಮ್ಮೆ ಹೇಳು ಎಂದ. ಅವಳು ಇನ್ನೊಮ್ಮೆ ಹೇಳಿದಳು.