ಕಾಕೂ ಹೆಸರು ಹೇಳದ ಗಿಡ

ಮೊನ್ನೆ ಕೊಲ್ಹಾಪುರದ ನಮ್ಮ ಮನೆಯ ಮಹಡಿಯಲ್ಲಿ ಕರಿಬೇವಿನ ಕುಂಡದೊಳಗಿನ ಕಳೆ ಕೀಳುತ್ತಿದ್ದೆ. ಗೇಣುದ್ದದ ಒಂದು ಗಿಡ ಬೇರು ಸಮೇತ ಕೈಗೆ ಬಂತು. ಹೊರಳಿಸಿ ನೋಡಿದೆ. ಎಲೆಗಳ ಕೆಳಗೆ ಸಾಸಿವೆಯಷ್ಟು ಸಣ್ಣ ಹಸಿರು ಕಾಯಿಗಳು ಸಾಲಾಗಿ ಜೋತಿದ್ದವು. ನೆಲನೆಲ್ಲಿ. ನೋಡಿದ್ದೇ ತಡ, ಇಷ್ಟು ವರ್ಷದ ಹಳೆಯ ಸಿಟ್ಟು ನೆತ್ತಿಗೇರಿತು.

ಅರವತ್ತನೆಯ ಇಸವಿಯ ಆಸುಪಾಸು. ಆಗ ನಾವು ಗಡಹಿಂಗ್ಲಜದಲ್ಲಿದ್ದೆವು, ನಾನಿನ್ನೂ ಲಂಗ ಉಡುವ ಹುಡುಗಿ. ಪಕ್ಕದ ಮನೆಯ ಕಾಕೂ ಕಾಮಾಲೆಗೆ ಔಷಧ ಕೊಡುತ್ತಿದ್ದಳು. ಐತವಾರ ಬಂತೆಂದರೆ ಬಿಸಿಲು ಬೀಳುವ ಮುಂಚೆಯೇ ಅವಳ ಕಟ್ಟೆಯ ಮೇಲೆ ಹಳದಿ ಕಣ್ಣಿನ ಜನ ಕೂತಿರುತ್ತಿದ್ದರು. ಕಾಕೂ ಹಿತ್ತಲ ಬಾಗಿಲು ಹಾಕಿಕೊಂಡು ಏನನ್ನೋ ಕಿತ್ತು, ಬೇರು ಸಮೇತ ಅರೆದು, ಮಜ್ಜಿಗೆಯಲ್ಲಿ ಕಲಸಿ ತಂದು ಕುಡಿಸುವಳು. ಎಣ್ಣೆ, ಖಾರ ಮುಟ್ಟಬೇಡಿ, ಜೋಳದ ಗಂಜಿ ಕುಡಿಯಿರಿ ಎನ್ನುವಳು. ಚೇತರಿಸಿಕೊಂಡವರು ತೆಂಗಿನಕಾಯಿ ಹಿಡಿದು ಬಂದು ಕಾಲಿಗೆ ಬೀಳುತ್ತಿದ್ದರು.

ಅದು ಯಾವ ಗಿಡವೆಂದು ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಅವಳ ಅತ್ತೆ ಅವಳಿಗೆ ಹೇಳಿಕೊಟ್ಟಿದ್ದಂತೆ, ಇವಳು ತನ್ನ ಸೊಸೆಗಷ್ಟೇ ಹೇಳಬೇಕಂತೆ, ಹೆಸರು ಹೊರಗೆ ಬಿದ್ದರೆ ಗುಣ ಹೋಗುತ್ತದಂತೆ. ಅವಳ ಮಗಳು, ದಿನಾ ನನ್ನ ಜಡೆ ಹೆಣೆಯುತ್ತಿದ್ದ ಅಕ್ಕ, ಒಮ್ಮೆ ಅರೆಯುವ ಕಲ್ಲಿನ ಹತ್ತಿರ ಇಣುಕಿದ್ದಕ್ಕೆ ಕಾಕೂ ಅವಳ ರಟ್ಟೆ ಹಿಡಿದು ಹೊರಗೆ ತಳ್ಳಿದಳು.

“ನಾಳೆ ಮಂದೀ ಮನಿಗೆ ಹೋಗಾಕಿ ನೀ. ನಿನಗ್ಯಾಕ ಬೇಕವ್ವ ಇದು?”

ಅಕ್ಕ ನಗುತ್ತಲೇ ಬಂದು ನನ್ನ ಪಕ್ಕ ಕೂತಳು. ಆ ನಗು... ಅಳು ಬಂದಾಗಲೂ ಅವಳು ಹಾಗೆಯೇ ನಗುತ್ತಿದ್ದಳು.

ಅಕ್ಕನನ್ನು ಮುರಗೂಡಿಗೆ ಕೊಟ್ಟರು. ಅವಳು ತುಂಬಿದ ಬಸುರಿಯಾಗಿದ್ದಾಗ, ಮಳೆಗಾಲದಲ್ಲಿ, ಅವಳಿಗೇ ಕಾಮಾಲೆ ಆಯಿತು. ಆ ರಸ್ತೆಯಲ್ಲಿ ಅವಳನ್ನು ಕರೆತರುವ ಹಾಗಿರಲಿಲ್ಲ. ಗಂಡ ಒಂದು ಬುಧವಾರ ನೆನೆಯುತ್ತಾ ಕಾಕೂ ಮನೆಗೆ ಓಡಿ ಬಂದ. ನಾನೂ ಅವ್ವನೂ ಅಲ್ಲೇ ಇದ್ದೆವು.

“ಅತ್ತೀ, ಎಲಿ ಯಾವುದಂತ ಹೇಳ್ರಿ. ನಾನ ಹುಡುಕಿ ಅರದು ಕುಡಸ್ತೇನಿ. ಡಾಕ್ಟರ ಔಷಧ ನಡದೈತಿ, ಆದ್ರ ಕಣ್ಣಿನ ಹಳದಿ ಇಳಿವಲ್ದು.”

“ಹೇಳಿದ್ರ ಗುಣ ಹೋಗ್ತೈತ್ರಿ. ಐತವಾರ ಹೊತ್ತ ಹುಟ್ಟೂದ್ರಾಗ ಕಿತ್ತು ನಾನ ತರ್ತೇನಿ.”

ಐತವಾರ! ಮಗಳು ಅಲ್ಲಿ ಒದ್ದಾಡುತ್ತಿದ್ದರೆ ಇವಳು ವಾರ ನೋಡುತ್ತಾ ಕೂತಳು. ಅಳಿಯ ಬರಿಗೈಯಲ್ಲಿ ಹೋದ. ಕಾಕೂ ದೇವರ ಮುಂದೆ ದೀಪ ಹಚ್ಚಿ ಅತ್ತಳು, ಅನ್ನ ಬಿಟ್ಟಳು, ಹಿತ್ತಲಿಗೆ ಮಾತ್ರ ಕಾಲಿಡಲಿಲ್ಲ. ಮಗಳ ಮೇಲೆ ಪ್ರೀತಿ ಇರಲಿಲ್ಲವೆಂದಲ್ಲ. ಸತ್ತ ಅತ್ತೆಯ ಮಾತು ಬದುಕಿದ್ದ ಮಗಳಿಗಿಂತ ದೊಡ್ಡದಾಯಿತು. ಅದನ್ನು ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ.

ಐತವಾರ ಒದ್ದೆ ಬಟ್ಟೆಯಲ್ಲಿ ಗಿಡ ಸುತ್ತಿಕೊಂಡು ಮೊದಲ ಮೋಟಾರಿಗೆ ಹೋದಳು. ಅವಳು ಮುರಗೂಡು ಮುಟ್ಟುವಾಗ ಅಕ್ಕನ ಹಣೆಗೆ ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂಡಿಸಿದ್ದರು...

ಮಣ್ಣು ಮುಗಿಸಿ ಬಂದ ಕಾಕೂ ಮನೆಯಲ್ಲಿ ಕೂರಲಿಲ್ಲ. ಹಿತ್ತಲಿನಿಂದ ಗಿಡಗಳನ್ನು ಹಿಡಿಹಿಡಿಯಾಗಿ ಕಿತ್ತು ತಂದು ಓಣಿಯ ನಡುವೆ ನಿಂತಳು.

“ನೋಡ್ರೆವ್ವಾ, ಇದ! ನೆಲನೆಲ್ಲಿ! ಅಕೀ ಗಂಡನ ಮನ್ಯಾಗ ಅರಬಿ ಒಗೆಯೂ ಕಲ್ಲಿನ ಬುಡಕ ರಗಡ ಬೆಳದೈತಿ. ದಿನಾ ತುಳದಾಡ್ಯಾಳ ನನ್ನ ಮಗಳು!”

ಓಣಿಯ ಹೆಂಗಸರು ಏನು ಮಾಡಿದರು ಗೊತ್ತೇ? ಸೆರಗಿನಿಂದ ಮುಖ ಮುಚ್ಚಿಕೊಂಡರು. ನೋಡಿದರೆ ಗುಣ ಹೋದೀತೆಂದು! ನನ್ನ ಅವ್ವ ನನ್ನ ಕಣ್ಣಿಗೆ ಕೈ ಅಡ್ಡ ಹಿಡಿದು ಒಳಗೆ ಎಳೆದಳು. ಅವಳ ಬೆರಳ ಸಂದಿಯಲ್ಲಿಯೇ ನಾನು ಆ ಸಣ್ಣ ಕಾಯಿಗಳನ್ನು ನೋಡಿದ್ದು.

ಮುಂದಿನ ಐತವಾರದಿಂದ ಕಟ್ಟೆಗೆ ಯಾರೂ ಬರಲಿಲ್ಲ. “ಕಾಕೂ ಹೆಸರು ಹೇಳಿಬಿಟ್ಲು, ಇನ್ನ ಔಷಧ ಹತ್ತೂದಿಲ್ಲ” ಎಂದು ಜನ ಬೇರೆ ಊರಿನ ದಾರಿ ಹಿಡಿದರು. ಕಾಕೂ ಖಾಲಿ ಕಟ್ಟೆಯ ಮೇಲೆ ಒಬ್ಬಳೇ ಕೂತಿರುತ್ತಿದ್ದಳು. ಕೆಲವು ವರ್ಷಗಳಲ್ಲಿ ಅವಳೂ ಹೋದಳು.

ಆ ಗಿಡ ಅಕ್ಕನನ್ನು ಉಳಿಸುತ್ತಿತ್ತೇ? ಬಸುರಿಗೆ ಕಾಮಾಲೆ ಬಂದರೆ ದೊಡ್ಡ ಆಸ್ಪತ್ರೆಯಲ್ಲೂ ಕಷ್ಟ ಎನ್ನುತ್ತಾರೆ ಡಾಕ್ಟರು. ಉಳಿಸುತ್ತಿರಲಿಲ್ಲವೇನೋ. ಆದರೆ ಉಳಿಸುತ್ತದೆಂದು ನಂಬಿದ್ದವಳೇ ಅದನ್ನು ಹೆತ್ತ ಮಗಳಿಂದ ಮುಚ್ಚಿಟ್ಟಳಲ್ಲ! ಕಾಕೂನನ್ನು ನಾನು ಕ್ಷಮಿಸಿಲ್ಲ. ಮುಖ ಮುಚ್ಚಿಕೊಂಡ ಆ ಓಣಿಯನ್ನಂತೂ ಕ್ಷಮಿಸುವುದೇ ಇಲ್ಲ.

ಕಿತ್ತ ಗಿಡವನ್ನು ಎಸೆಯಲಾಗಲಿಲ್ಲ. ಅದೇ ಕುಂಡದಲ್ಲಿ ಮತ್ತೆ ಊರಿ ನೀರು ಹಾಕಿದೆ.

“ಅಜ್ಜೀ, ಕಸಾ ಯಾಕ ಹಚ್ಚಾಕತ್ತಿ?” ಎಂದಳು ಮೊಮ್ಮಗಳು.

ಅವಳನ್ನು ಹತ್ತಿರ ಕರೆದು ಎಲೆ ಹೊರಳಿಸಿ ತೋರಿಸಿದೆ. ಪಕ್ಕದ ಮನೆಗಳಿಗೂ ಕೇಳುವಂತೆ ಅದರ ಹೆಸರನ್ನು ಕೂಗಿ ಹೇಳಿದೆ. ಮೊಮ್ಮಗಳು ಗಾಬರಿಯಾಗಿ ನನ್ನ ಮುಖ ನೋಡಿದಳು. ಕೇಳಬೇಕಾಗಿದ್ದ ಅಕ್ಕ ಮಾತ್ರ ಎಲ್ಲೂ ಇರಲಿಲ್ಲ.