ಅತ್ತೆಗೆ ಗೊತ್ತಿತ್ತು

"ನನ್ ಮಂಡಿ ಆಮೇಲ್ ನೋಡ್ರಿ ಡಾಕ್ಟ್ರೇ, ಮೊದ್ಲು ನಮ್ ಸೊಸಿನ್ ಕೇಳ್ರಿ" ಎಂದು ಅತ್ತೆ ಸ್ಟೂಲನ್ನು ನನ್ನತ್ತ ತಳ್ಳಿದರು.

ದಾವಣಗೆರೆಯ ಆ ಲೇಡಿ ಡಾಕ್ಟರ್ ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದರು. ಎರಡು ವರ್ಷದಿಂದ ಪದೇಪದೇ ಮೂತ್ರಕ್ಕೆ ಅವಸರವಾಗುತ್ತಿದ್ದುದನ್ನು ನಾನು ಗಂಡನಿಗೂ ಹೇಳಿರಲಿಲ್ಲ. ಕಾನ್ವೆಂಟಿನಲ್ಲಿ ಸಿಸ್ಟರ್ ಮುಂದೆ ಎತ್ತುತ್ತಿದ್ದಂತೆ ಕಿರುಬೆರಳು ಎತ್ತಿದೆ.

ಡಾಕ್ಟರ್ ನಗಲಿಲ್ಲ. "ತಡ್ಕೊಳ್ಳೋಕೆ ಆಗಲ್ವಾ? ದಿನಕ್ಕೆ ಎಷ್ಟು ಸಲ?" ಎಂದರು.

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಹೇಳಿದರು: "ನಿನ್ನೆ ಹದಿನಾಲ್ಕು ಸಲ ಎದ್ದಾಳ್ರಿ. ಹರಿಹರದ ಬಸ್ ಹತ್ತಬೇಕಂದ್ರೆ ಬೆಳಗಿಂದ ನೀರೇ ಮುಟ್ಟಲ್ಲ. ಉಕ್ಕಡಗಾತ್ರಿ ಗುಡಿಗೆ ಹೋಗಣ ಅಂದ್ರೆ ತಲೆನೋವು ಅಂತಾಳೆ."

ನನ್ನ ತಲೆನೋವನ್ನು ಅವರು ನಂಬಿದ್ದಾರೆಂದೇ ಅಂದುಕೊಂಡಿದ್ದೆ.

ಇದಕ್ಕೆ ಚಿಕಿತ್ಸೆಯಿದೆ, ನೀರು ಕುಡಿಯುವುದು ಬಿಟ್ಟರೆ ತೊಂದರೆ ಹೆಚ್ಚುತ್ತದೆ ಎಂದರು ಡಾಕ್ಟರ್. ಮೂತ್ರ ಪರೀಕ್ಷೆಗೆ ಬರೆದುಕೊಟ್ಟು, ಮೂರು ದಿನ ಎಷ್ಟು ಕುಡಿದೆ, ಎಷ್ಟು ಸಲ ಹೋದೆ ಎಂದು ಗುರುತಿಟ್ಟುಕೊಳ್ಳಲು ಹೇಳಿದರು. ಆಮೇಲೆ ಅತ್ತೆಯತ್ತ ತಿರುಗಿ, "ಈಗ ನಿಮ್ಮ ಮಂಡಿ ತೋರಿಸಿ ಅಜ್ಜಿ" ಎಂದರು.

"ಮಂಡಿಗೇನಾಗೈತ್ರಿ? ಗಟ್ಟಿ ಐತೆ. ನೋವು ಅನ್ನದಿದ್ರೆ ಈಕಿ ಬರ್ತಿದ್ಲಾ?"

ಬರುವಾಗ ನನ್ನ ತೋಳು ಹಿಡಿದು ಕುಂಟುತ್ತ ಬಂದಿದ್ದವರು, ಹೋಗುವಾಗ ಮೆಟ್ಟಿಲನ್ನು ನನಗಿಂತ ಮೊದಲೇ ಇಳಿದರು.

ಚಿಕಿತ್ಸೆ ಶುರುವಾಗಿ ನಾಲ್ಕು ತಿಂಗಳಿಗೆ ನನ್ನ ಅವಸರ ಬಹಳ ತಗ್ಗಿದೆ. ಕಳೆದ ಅಮಾವಾಸ್ಯೆಗೆ ಇಬ್ಬರೂ ಉಕ್ಕಡಗಾತ್ರಿಗೆ ಹೊರಟೆವು. ಬಸ್ಸು ಹರಿಹರ ದಾಟಿದ ಮೇಲೆ ಅತ್ತೆ ನೀರಿನ ಬಾಟಲಿಯ ಮುಚ್ಚಳ ತೆಗೆದು ನನ್ನ ಕೈಗಿಟ್ಟರು. ಹೆದರದೆ ಕುಡಿದೆ.