ತಂಗೆವ್ವ ಕಲಿತ ಸಿಡಿಲಿನ ನಕ್ಷೆ

ಹೂಲಿಯ ತಂಗೆವ್ವ ನಕ್ಷೆ ಓದಲು ಕಲಿತದ್ದು ಐವತ್ತು ದಾಟಿದ ಮೇಲೆ. ಸಾಲಿ ಬಿಟ್ಟದ್ದು ನಾಲ್ಕನೇ ಇಯತ್ತೆಗೆ. ಮಕ್ಕಳಿರಲಿಲ್ಲ. ಗಂಡ ರಾಮಲಿಂಗಪ್ಪ ಅದರ ಹಿಂದಿನ ವರ್ಷ ಮೇ ತಿಂಗಳಲ್ಲಿ ಸಿಡಿಲು ಬಡಿದು ತೀರಿಕೊಂಡಿದ್ದ.

ಆ ದಿನ ಇಬ್ಬರೂ ಹೊಲದಲ್ಲಿದ್ದರು. ದಪ್ಪ ಹನಿ ಉದುರತೊಡಗಿದಾಗ ಎಮ್ಮೆ ಹೊಡೆದುಕೊಂಡು ಮುಂದೆ ಹೊರಟ ತಂಗೆವ್ವ ತಿರುಗಿ ಕೂಗಿ ಹೇಳಿದಳು: "ಬೇವಿನ ಗಿಡದ ಬುಡಕ ನಿಂದರ್ರಿ, ತೊಯ್ಸಿಕೋಬ್ಯಾಡ್ರಿ. ಮೊದಲ ಕೆಮ್ಮ ಐತಿ ನಿಮಗ."

ಅವನು ಹೋಗಿ ನಿಂತ. ಅವಳು ಊರು ಮುಟ್ಟುವ ಮೊದಲೇ ಸದ್ದು ಕೇಳಿಸಿತು.

ಗಿಡದ ಕೆಳಗೆ ನಿಲ್ಲಲು ಹೇಳಿದವಳು ತಾನೇ ಎಂಬುದನ್ನು ಅವಳು ಯಾರ ಮುಂದೆಯೂ ಬಾಯಿಬಿಡಲಿಲ್ಲ. ಮಾತಾಡಿಸಲು ಬಂದವರು "ದೇವರ ಆಟ, ನಮ್ಮ ಕೈಯಾಗ ಏನೈತಿ" ಎಂದಾಗಲೆಲ್ಲ ಸೆರಗು ಬಾಯಿಗೊತ್ತಿಕೊಂಡು ಕೂತಳು. ತಿಂಗಳು ಕಳೆದ ಮೇಲೆ ಬರುವವರೂ ನಿಂತರು. ಒಬ್ಬಳಿಗಾಗಿ ಎರಡೆರಡು ಸಲ ಒಲೆ ಹಚ್ಚಲು ಬೇಸರವಾಗಿ ಬೆಳಗಿನ ರೊಟ್ಟಿಯನ್ನೇ ಸಂಜೆಯೂ ತಿನ್ನುತ್ತಿದ್ದಳು.

ಒಮ್ಮೆ ಮಹಿಳಾ ಸಂಘದ ಸಭೆಗೆಂದು ಪಂಚಾಯ್ತಿ ಗ್ರಂಥಾಲಯಕ್ಕೆ ಹೋದಾಗ ಗೋಡೆಯ ಮೇಲೊಂದು ಚಿತ್ರ ಕಂಡಿತು. ಗಿಡದ ಕೆಳಗೆ ನಿಂತ ಮನುಷ್ಯ, ಅವನ ಮೇಲೆ ಕೆಂಪು ಗೀಟು. ಸಿಡಿಲು ಎಲ್ಲಿ ಬೀಳುತ್ತಿದೆ ಎಂದು ಫೋನಿನಲ್ಲೇ ನೋಡಬಹುದು ಎಂದು ಕೆಳಗೆ ಬರೆದಿತ್ತು. ಎಲ್ಲರೂ ಎದ್ದು ಹೋಗುವವರೆಗೆ ಕಾದು, ಗ್ರಂಥಾಲಯ ನೋಡಿಕೊಳ್ಳುವ ಮಂಜುಳಾಳನ್ನು ಕೇಳಿದಳು: "ಇದನ್ನ ನನಗ ಕಲಸತೀರೇನ್ರಿ ಬಾಯಾರ?"

"ನಿಮಗ್ಯಾಕ ಬೇಕಾಗೇತ್ರಿ ಅದು?"

ತಂಗೆವ್ವ ತನ್ನ ಫೋನನ್ನು ಅವಳ ಮುಂದೆ ಹಿಡಿದಳು. ಮಂಜುಳಾ ಅದರಲ್ಲಿ ನಕ್ಷೆ ಹಾಕಿಕೊಟ್ಟಳು.

ನಕ್ಷೆಯಲ್ಲಿ ಊರ ಹೆಸರೆಲ್ಲ ಇಂಗ್ಲಿಷಿನಲ್ಲಿ. ತಂಗೆವ್ವನಿಗೆ ಗುರುತು ಸಿಕ್ಕಿದ್ದು ಸವದತ್ತಿಯ ಡ್ಯಾಮಿನ ಹಿನ್ನೀರು, ಬೆರಳು ಬಿಡಿಸಿದ ಅಂಗೈಯಂತೆ ಹರಡಿದ ನೀಲಿ. ಅದರ ಎಡಕ್ಕೆ ಬೈಲಹೊಂಗಲ, ಇನ್ನೂ ಕೆಳಗೆ ಕಿತ್ತೂರು. ಬಲಕ್ಕೆ ಮೇಲೇರಿದರೆ ರಾಮದುರ್ಗ. ನಡುವೆ, ಹೆಸರು ಕೂಡ ಕಾಣದ ಜಾಗದಲ್ಲಿ, ತಾನು.

"ಮುನ್ಸೂಚನಿ ಅಂದ್ರ ಮಳಿ ಬರಬಹುದು ಅನ್ನೂದು," ಮಂಜುಳಾ ತಿಳಿಸಿ ಹೇಳಿದಳು. "ಈ ಮೋಡದ ಚಿತ್ರ ಅಂದ್ರ ಈಗ ಎಲ್ಲಿ ಬಂದೈತಿ ಅನ್ನೂದು. ಎರಡೂ ಕೂಡಿಸಿ ನೋಡಬೇಕ್ರಿ."

ತಂಗೆವ್ವ ನೋಡುತ್ತ ಹೋದಳು. ಹಸಿರು ಬಣ್ಣ ಹಳದಿಯಾಗುವುದು, ಹಳದಿ ಕೆಂಪಾಗುವುದು, ಕೆಂಪು ಸರಿಯುವುದು. ಕಿತ್ತೂರಿನ ಕಡೆ ಎದ್ದ ಮೋಡ ಹೂಲಿ ಮುಟ್ಟಲು ಎಷ್ಟು ಹೊತ್ತಾಯಿತೆಂದು ಗೋಡೆಯ ಕ್ಯಾಲೆಂಡರಿನ ಮೇಲೆ ಪೆನ್ಸಿಲಿನಲ್ಲಿ ಬರೆದಿಟ್ಟಳು. ಕೆಲವು ಮೋಡ ನಡುವೆಯೇ ಕರಗುತ್ತಿದ್ದವು. ಅದನ್ನೂ ಬರೆದಳು.

ಮರುವರ್ಷ ಏಪ್ರಿಲ್‌ನಲ್ಲಿ ನಕ್ಷೆ ನೋಡಿ ಮೊದಲ ಸಲ ಎಚ್ಚರಿಸಿದಳು. ಶೇಂಗಾ ಕೀಳುವ ಹೆಂಗಸರ ಗುಂಪಿಗೆ ಕೃಷ್ಣವ್ವ ಮುಂದಾಳು. ಸಿಡಿಲು ಬರುತ್ತದೆಂದು ತಂಗೆವ್ವ ಹೇಳಿ ಕಳಿಸಿದ್ದಕ್ಕೆ ಅವರೆಲ್ಲ ಕೆಲಸ ಬಿಟ್ಟು ಮನೆಗೆ ಬಂದರು. ಒಂದು ಹನಿಯೂ ಬೀಳಲಿಲ್ಲ. ಅಂದಿನಿಂದ ಅವಳು ನೀರಿಗೆ ಹೋದರೆ ಸಾಕು, "ಹವಾಮಾನ ಬಂತು" ಎಂದು ನಗುತ್ತಿದ್ದರು. ಅವಳು ನಳದ ಹತ್ತಿರ ಯಾರೂ ಇಲ್ಲದ ಹೊತ್ತು ನೋಡಿ ಹೋಗತೊಡಗಿದಳು.

ಮೇ ತಿಂಗಳ ಒಂದು ಮಧ್ಯಾಹ್ನ ನಕ್ಷೆಯಲ್ಲಿ ಬೈಲಹೊಂಗಲದ ಮೇಲೆ ಸಿಡಿಲಿನ ಚುಕ್ಕಿಗಳು ಕಾಣಿಸಿದವು. ನೋಡನೋಡುತ್ತ ಹಿನ್ನೀರಿನ ಅಂಚಿಗೆ ಬಂದವು. ಈ ಸಲ ಅವಳು ಹೇಳಿ ಕಳಿಸಲಿಲ್ಲ. ತಾನೇ ಹೊಲಕ್ಕೆ ನಡೆದಳು. ಹೆಂಗಸರು ಹುಣಸೆ ಗಿಡದ ಕೆಳಗೆ ಬುತ್ತಿ ಬಿಚ್ಚಿದ್ದರು.

"ಏಳ್ರಿ. ತ್ವಾಟದ ಮನ್ಯಾಗ ಹೋಗ್ರಿ."

"ಬಿಸಲ ಹಿಂಗ ಸುಡಾಕ ಹತ್ತೈತಿ," ಕೃಷ್ಣವ್ವ ನಕ್ಕಳು. "ಮೋಡ ಎಲ್ಲೈತ್ರಿ ಅಕ್ಕಾ?"

"ನಕ್ಕೋರಿ. ಆದ್ರ ಒಳಗ ಹೋಗಿ ನಕ್ಕೋರಿ."

ಅವಳ ಕಣ್ಣು ತುಂಬಿದ್ದನ್ನು ಕಂಡು ಕೃಷ್ಣವ್ವ ಬುತ್ತಿ ಕಟ್ಟಿದಳು. ಉಳಿದವರು ಗೊಣಗುತ್ತ ಎದ್ದರು. ಅರ್ಧ ತಾಸಿನೊಳಗೆ ಪಡುವಣ ಕಪ್ಪಾಯಿತು, ಗಾಳಿ ಎದ್ದಿತು. ಗುಡುಗಿಗೆ ತೋಟದ ಮನೆಯ ಬಾಗಿಲು ನಡುಗಿತು. ಸಿಡಿಲು ಎಲ್ಲೋ ಹೂಲಿ ಗುಡ್ಡದ ಆಚೆ ಬಿತ್ತು. ಮಳೆ ನಿಂತಾಗ ಹುಣಸೆ ಗಿಡ ಒಂದು ಟೊಂಗೆಯೂ ಮುರಿಯದೆ ನಿಂತಿತ್ತು. ಅಲ್ಲೇ ಇದ್ದರೂ ಏನೂ ಆಗುತ್ತಿರಲಿಲ್ಲವೇನೋ.

ಎಲ್ಲರೂ ಹೊರಗೆ ಹೋದ ಮೇಲೆ ತಂಗೆವ್ವ ಒಳಗೇ ಕೂತಿದ್ದಳು. ಕರೆಯಲು ಬಂದ ಕೃಷ್ಣವ್ವನಿಗೆ ಮುಖ ಎತ್ತದೆ ಹೇಳಿದಳು: "ಅವರಿಗೆ ಗಿಡದ ಬುಡಕ ನಿಂದರ್ರಿ ಅಂದಾಕಿ ನಾನ."

ಕೃಷ್ಣವ್ವ ಬಾಗಿಲು ಮುಂದಕ್ಕೆ ಎಳೆದಳು. ಆಮೇಲೆ ಪಕ್ಕದಲ್ಲಿ ಕೂತು ಹೇಳಿದಳು: "ನಾ ಇದ್ರೂ ಅದನ್ನ ಹೇಳತಿದ್ನಿ ಅಕ್ಕಾ."

ಅದರಿಂದ ಎದೆಯ ಭಾರ ಇಳಿಯಿತೆಂದೇನೂ ಅಲ್ಲ. ಆದರೆ ಆ ಮಾತು ಈಗ ಇಬ್ಬರಿಗೆ ಗೊತ್ತಿತ್ತು.

ಆಮೇಲೆ ಮಳೆಯ ದಿನಗಳಲ್ಲಿ ಕೃಷ್ಣವ್ವ ಮಧ್ಯಾಹ್ನ ಫೋನ್ ಮಾಡಿ ಕೇಳತೊಡಗಿದಳು. ಬೇರೆ ಗುಂಪಿನವರೂ ಕೇಳುತ್ತಿದ್ದರು. "ಸಂಜೀತನಕ ಏನಿಲ್ಲ, ಮಾಡ್ರಿ" ಎಂದರೆ ಮಾತು ಮುಗಿಯಿತು. ದೀಪಾವಳಿ ಕಳೆದು ಆಕಾಶ ತಿಳಿಯಾದ ಮೇಲೆ ಯಾರೂ ಫೋನ್ ಮಾಡಲಿಲ್ಲ. ಬಣ್ಣವಿಲ್ಲದ ನಕ್ಷೆಯನ್ನು ಅವಳು ದಿನವೂ ತೆರೆದು ನೋಡಿ ಮುಚ್ಚಿದಳು.

ಒಂದು ದಿನ ತಾನೇ ಕೃಷ್ಣವ್ವನಿಗೆ ಫೋನ್ ಹಚ್ಚಿದಳು.

"ಏನ್ರಿ ಅಕ್ಕಾ, ಮಳಿ ಐತೇನು?"

"ಇಲ್ಲವಾ. ಸುಮ್ನ ಹಚ್ಚಿದ್ನಿ."

ಆ ಕಡೆ ಪಾತ್ರೆ ಕೆಳಗಿಟ್ಟ ಸದ್ದಾಯಿತು. "ಹಂಗಾದ್ರ ಇತ್ತಾಗ ಬರ್ರಿ. ರೊಟ್ಟಿ, ಜುಣಕ ಮಾಡೇನಿ."

"ನಾಳೆ ಬರತೇನಿ ತಗೋ," ಎಂದಳು ತಂಗೆವ್ವ. ಹೋದದ್ದು ನಾಲ್ಕು ದಿನದ ಮೇಲೆ.